ರೋಬೋಟ್ ಚೈನ್ ಲೂಸಾದ್ರೆ ಗುಜರಿ ಸಾಮಾನಲ್ಲೇ ಟೆನ್ಷನರ್ ಮಾಡ್ಕೊಳೋದು ಹೆಂಗೆ

ಹೋದ ವರ್ಷ ರೋಬೋಟ್ ಕಾಂಪಿಟಿಷನ್‌ಗೆ ಹೊರಡೋಕೆ ಇನ್ನು ಎರಡೇ ದಿನ ಇತ್ತು, ರಾತ್ರಿ ಹತ್ತೂವರೆಗೆ ಜೂನಿಯರ್ ಒಬ್ಬ ಫೋನ್ ಮಾಡ್ದ. "ಅಣ್ಣಾ, ಮುಂದಕ್ಕೆ ಚೆನ್ನಾಗೇ ಹೋಗ್ತೈತೆ, ರಿವರ್ಸ್ ಕೊಟ್ಟ ತಕ್ಷಣ ಟಕ್ ಟಕ್ ಅಂತ ಚೈನ್ ಹಾರ್ತೈತೆ. ಲಿಂಕ್ ತೆಗೆದ್ರೆ ಚೈನ್ ಮುಟ್ಟಂಗೇ ಇಲ್ಲ, ಹಾಕಿದ್ರೆ ಲೂಸು." ನಾನು ವಿದ್ಯಾನಗರದಿಂದ ಗಾಡಿ ತಗೊಂಡು ಹೋದೆ, ವರ್ಕ್‌ಶಾಪಲ್ಲಿ ಐದು ಜನ ರೋಬೋಟ್ ಮಗ್ಗಲು ಮಲಗಿಸಿಕೊಂಡು ಸುತ್ತ ಕೂತಿದ್ರು, ಒಬ್ಬ ಆಗ್ಲೇ ಫೋನಲ್ಲಿ ಟೆನ್ಷನರ್, ಅಂದ್ರೆ ಚೈನನ್ನ ಬಿಗಿಯಾಗಿ ಹಿಡಿಯೋ ಸಾಮಾನು, ಹುಡುಕ್ತಿದ್ದ, ಆದ್ರೆ ಆನ್‌ಲೈನ್ ಆರ್ಡರ್ ದಾವಣಗೆರೆಗೆ ಬರೋಷ್ಟರಲ್ಲಿ ಇವರ ಮ್ಯಾಚೇ ಮುಗಿದಿರ್ತಿತ್ತು. ಆವತ್ತು ರಾತ್ರಿ ಮಾಡಿದ್ದನ್ನ, ಅದಕ್ಕಿಂತ ಮುಖ್ಯವಾಗಿ ಯಾಕೆ ಹಂಗೆ ಮಾಡಿದ್ವಿ ಅನ್ನೋದನ್ನ, ಈಗ ಬರಿತಿದೀನಿ, ಯಾಕಂದ್ರೆ ಪ್ರತಿ ವರ್ಷ ಬೇರೆ ಹುಡುಗರು ಇದೇ ಜಾಗಕ್ಕೆ ಬಂದು ನಿಂತ್ಕೊಂತಾರೆ.

ಮೊದಲು ಲಿಂಕ್ ತೆಗೆದ್ರೆ ಯಾಕೆ ಆಗಲ್ಲ ಅನ್ನೋದು. ಸೈಕಲ್ ಚೈನಲ್ಲಿ ಒಂದು ಪಿನ್ನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು, ಅಂದ್ರೆ 12.7 ಮಿ.ಮೀ., ಇದಕ್ಕೇ ಪಿಚ್ ಅನ್ನೋದು. ಒಳಗಿನ ಲಿಂಕು ಹೊರಗಿನ ಲಿಂಕು ಒಂದಾದ ಮೇಲೊಂದು ಬರೋದ್ರಿಂದ ತೆಗೆಯೋದಾದ್ರೆ ಎರಡೂ ಜೋಡಿಯಾಗೇ ತೆಗೀಬೇಕು, ಒಟ್ಟು 25.4 ಮಿ.ಮೀ. ಹೋಗುತ್ತೆ. ಹಾಫ್ ಲಿಂಕ್ ಅಂತ ಸೊಟ್ಟ ಪ್ಲೇಟಿಂದು ಸಿಗುತ್ತೆ, ಆದ್ರೆ ಅದು ಉಳಿದ ಚೈನಿಗಿಂತ ವೀಕು, ಡ್ರೈವ್ ಚೈನಿಗೆ ನಾನಂತೂ ಹಾಕಲ್ಲ. ಇವರ ರೋಬೋಟಲ್ಲಿ ಎರಡೂ ಕಡೆ 18 ಹಲ್ಲಿನ ಸ್ಪ್ರಾಕೆಟ್ಟು, ಅಂದ್ರೆ ಚೈನ್ ಕೂರೋ ಹಲ್ಲಿನ ಚಕ್ರ. ಒಂದೇ ಅಳತೆಯ ಸ್ಪ್ರಾಕೆಟ್ ಆದ್ರೆ ಲೆಕ್ಕ ಬಾಳ ಸುಲಭ, ಚೈನಿನ ಒಟ್ಟು ಲಿಂಕಲ್ಲಿ ಸ್ಪ್ರಾಕೆಟ್ ಹಲ್ಲು ಕಳೀರಿ, ಉಳಿದಿದ್ದನ್ನ ಪಿಚ್ಚಿನ ಅರ್ಧದಿಂದ ಗುಣಿಸ್ರಿ, ಎರಡು ಶಾಫ್ಟಿನ ನಡುವಿನ ದೂರ ಬರುತ್ತೆ. 82 ಲಿಂಕಿಗೆ 64 × 6.35, ಅಂದ್ರೆ 406.4 ಮಿ.ಮೀ. 80 ಲಿಂಕಿಗೆ 393.7 ಮಿ.ಮೀ. ಈ ಎರಡರ ನಡುವೆ ಯಾವ ದೂರ ಇಟ್ರೂ 82 ಲಿಂಕು ಲೂಸು, 80 ಲಿಂಕು ಸಾಲದು. ಇವರು ಡ್ರಾಯಿಂಗಲ್ಲಿ ಸರಿಯಾಗೇ ಹಾಕಿದ್ರು, ಆದ್ರೆ ಫ್ರೇಮ್ ವೆಲ್ಡ್ ಮಾಡಿದಾಗ ಎಳ್ಕೊಂಡು 1 ಮಿ.ಮೀ. ಹತ್ರ ಬಂದಿತ್ತು, ಅಷ್ಟೇ.

"ಬರೀ 1 ಮಿಲಿಮೀಟರಿಗೆ ಇಷ್ಟು ಲೂಸಾ?" ಅಂತ ಹುಡುಗರು ನಂಬಲಿಲ್ಲ, ಯಾಕಂದ್ರೆ ಚೈನನ್ನ ನಡುವೆ ಬೆರಳಲ್ಲಿ ಒತ್ತಿದ್ರೆ ನೇರ ಗೆರೆಯಿಂದ 20 ಮಿ.ಮೀ. ಒಳಗೆ ಹೋಗ್ತಿತ್ತು. ಇಡೀ ವಿಷಯದ ಗುಟ್ಟು ಇರೋದೇ ಇಲ್ಲಿ. ಎರಡು ಸ್ಪ್ರಾಕೆಟ್ ನಡುವೆ ಇರೋ ಚೈನಿನ ಭಾಗಕ್ಕೆ ಸಾಲು ಅಂತೀನಿ. ಶಾಫ್ಟ್ 1 ಮಿ.ಮೀ. ಹತ್ರ ಬಂದ್ರೆ ಮೇಲಿನ ಸಾಲಲ್ಲಿ 1, ಕೆಳಗಿನ ಸಾಲಲ್ಲಿ 1, ಒಟ್ಟು 2 ಮಿ.ಮೀ. ಚೈನು ಹೆಚ್ಚಾಗುತ್ತೆ. ಒಂದು ಸಾಲು ಎಳ್ಕೊಂಡು ನಿಂತಾಗ ಆ 2 ಮಿ.ಮೀ. ಪೂರ್ತಿ ಇನ್ನೊಂದು ಸಾಲಿಗೆ ಬರುತ್ತೆ. ನೇರವಾಗಿರೋ ಸಾಲನ್ನ ನಡುವೆ ಒತ್ತಿದಾಗ ಎಷ್ಟು ಉದ್ದ ತಿನ್ನುತ್ತೆ ಅಂದ್ರೆ, ಒತ್ತಿದ ದೂರವನ್ನ ಅದರಿಂದಲೇ ಗುಣಿಸಿ, ಎರಡರಿಂದ ಗುಣಿಸಿ, ಸಾಲಿನ ಉದ್ದದಿಂದ ಭಾಗಿಸ್ಬೇಕು. 20 × 20 × 2 ÷ 400, ಉತ್ತರ 2 ಮಿ.ಮೀ. 30 ಮಿ.ಮೀ. ಒತ್ತಿದ್ರೆ 4.5, 40 ಒತ್ತಿದ್ರೆ 8. ಅಂದ್ರೆ ಕಣ್ಣಿಗೆ ಜೋತುಬಿದ್ದಂಗೆ ಕಾಣೋ ಚೈನಲ್ಲೂ ಹೆಚ್ಚಿರೋ ಉದ್ದ ಒಂದೆರಡು ಮಿಲಿಮೀಟರೇ ಇರುತ್ತೆ, ಅದನ್ನ ತೆಗೆಯೋಕೆ ದೊಡ್ಡ ಯಂತ್ರ ಬೇಕಿಲ್ಲ, ಡಬ್ಬದಲ್ಲಿರೋ ಒಂದು ಬೇರಿಂಗು ಒಂದು ಬೋಲ್ಟು ಸಾಕು. ಇದು ತಲೆಗೆ ಹೋದ್ರೆ ಅರ್ಧ ಭಯ ಹೋಯ್ತು.

ಇನ್ನರ್ಧ ಭಯ ಇಟ್ಕೊಂಡೇ ಇರ್ಬೇಕು. ಮನೆ ಮುಂದೆ ಬಟ್ಟೆ ಒಣಗಿಸೋ ತಂತಿ ನೋಡಿರ್ತೀರಲ್ಲ, ಸ್ವಲ್ಪ ಜೋತು ಬಿಟ್ಟು ಕಟ್ಟಿದ್ರೆ ಎಷ್ಟು ವರ್ಷ ಆದ್ರೂ ಏನೂ ಆಗಲ್ಲ, ಅದೇ ವೀಣೆ ತಂತಿ ತರ ಬಿಗಿದು ಕಟ್ಟಿ ಒದ್ದೆ ಬೆಡ್‌ಶೀಟ್ ಒಂದು ಹಾಕ್ರಿ, ಗೋಡೆಯ ಮೊಳೆನೇ ಕಿತ್ಕೊಂಡು ಬರುತ್ತೆ. ಚೈನಿಗೂ ಅದೇ. 400 ಮಿ.ಮೀ. ಸಾಲನ್ನ ನಡುವೆ 2 ಕೆ.ಜಿ. ಭಾರದಷ್ಟು ಒತ್ತಿದಾಗ ಅದು ಬರೀ 5 ಮಿ.ಮೀ. ಬಗ್ಗಿ ನಿಂತ್ರೆ, ಚೈನಿನ ಉದ್ದಕ್ಕೂ ಬೀಳೋ ಎಳೆತ 2 × 400 ÷ 20, ಅಂದ್ರೆ 40 ಕೆ.ಜಿ. ಭಾರದಷ್ಟು. ಸುಮ್ನೆ ನಿಂತ ರೋಬೋಟಲ್ಲಿ ಈ ಎಳೆತ ಎರಡೂ ಸಾಲಲ್ಲಿ ಇರೋದ್ರಿಂದ ಮೋಟರ್ ಶಾಫ್ಟಿಗೆ ಅದರ ಎರಡರಷ್ಟು. ಗೇರ್ ಮೋಟರಿನ ತುದಿ ಬೇರಿಂಗು ಇದನ್ನ ತಡ್ಕೊಳೋಕೆ ಮಾಡಿದ್ದಲ್ಲ, ಮೋಟರ್ ಬಿಸಿಯಾಗುತ್ತೆ, ಕರೆಂಟ್ ಜಾಸ್ತಿ ಎಳೆಯುತ್ತೆ, ಬ್ಯಾಟರಿ ಬೇಗ ಇಳಿಯುತ್ತೆ, ಹುಡುಗರು ಕೋಡಲ್ಲಿ ತಪ್ಪು ಹುಡುಕ್ತಾ ಕೂರ್ತಾರೆ.

ಹಂಗಾದ್ರೆ ಎಷ್ಟು ಬಿಗಿ ಇರ್ಬೇಕು? ಚೈನ್ ತಯಾರಿಸೋರ ಕೈಪಿಡಿಗಳಲ್ಲಿ ಅಡ್ಡಕ್ಕಿರೋ ಮಾಮೂಲಿ ಚೈನಿಗೆ ಸಾಲಿನ ಉದ್ದದ 4 ಪರ್ಸೆಂಟಷ್ಟು ಮೇಲೆ ಕೆಳಗೆ ಆಡ್ಲಿ ಅಂತಾರೆ, ಪದೇ ಪದೇ ನಿಂತು ಹೊರಡೋ, ದಿಕ್ಕು ಬದಲಾಗೋ ಚೈನಿಗೆ 2 ಪರ್ಸೆಂಟು. ರೋಬೋಟ್ ಎರಡನೇ ಜಾತಿ. 400 ಮಿ.ಮೀ. ಸಾಲಿಗೆ ಮೇಲಿಂದ ಕೆಳಗೆ ಒಟ್ಟು 8 ಮಿ.ಮೀ. ಬೈಕಲ್ಲಿ 20-30 ಮಿ.ಮೀ. ಬಿಡ್ತಾರಲ್ಲ ಅಂತ ಕೇಳ್ಬಹುದು, ಬೈಕಲ್ಲಿ ಹಿಂದಿನ ಚಕ್ರ ಹಳ್ಳ ದಿಣ್ಣೆಗೆ ಮೇಲೆ ಕೆಳಗೆ ಹೋದಂಗೆ ಸ್ಪ್ರಾಕೆಟ್‌ಗಳ ದೂರವೇ ಬದಲಾಗುತ್ತೆ, ಅದಕ್ಕೆ ಜಾಗ ಬಿಡ್ಲೇಬೇಕು. ನಮ್ಮ ರೋಬೋಟಿಗೆ ಸಸ್ಪೆನ್ಷನ್ ಇಲ್ಲ. ಸ್ಪ್ರಾಕೆಟ್ಟನ್ನ ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸ್ತಾ ಅಳೀರಿ, ಸ್ಪ್ರಾಕೆಟ್ ಸೆಂಟರಿಂಗ್ ಸ್ವಲ್ಪ ಔಟ್ ಇದ್ರೆ ಒಂದು ಕಡೆ ಲೂಸು ಇನ್ನೊಂದು ಕಡೆ ಟೈಟ್ ಬರುತ್ತೆ, ಟೈಟ್ ಇರೋ ಜಾಗದಲ್ಲೇ ಸೆಟ್ ಮಾಡ್ಬೇಕು. ಕೈ ಹಾಕೋ ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತು ಮೇಜಿನ ಮೇಲೆ ಎಲ್ಲರಿಗೂ ಕಾಣೋ ಹಂಗೆ ಇಡ್ರಿ, ಸ್ವಿಚ್ ಆಫ್ ಮಾಡಿದೀನಿ ಅನ್ನೋ ಬಾಯಿಮಾತು ನಂಬಬೇಡ್ರಿ, ಚೈನು ಸ್ಪ್ರಾಕೆಟ್ ನಡುವೆ ಬೆರಳು ಹೋದ್ರೆ ಮೋಟರ್ ನಿಲ್ಲಲ್ಲ.

ಈಗ ದಿಕ್ಕಿನ ವಿಷಯ, ಹೆಚ್ಚಿನವರು ಎಡವೋದು ಇಲ್ಲೇ. ಗೇರ್ ಸೈಕಲ್ಲಿನ ಹಿಂದಿನ ಗೇರಲ್ಲಿ ಸ್ಪ್ರಿಂಗ್ ಹಾಕಿದ ತೋಳು ಇರುತ್ತೆ, ಭದ್ರಾ ಅಚ್ಚುಕಟ್ಟಲ್ಲಿ ಸುಗ್ಗಿಗೆ ಬರೋ ಭತ್ತ ಕೊಯ್ಯೋ ಮಷಿನ್ನಿನ ಮಗ್ಗುಲಲ್ಲೂ ಸ್ಪ್ರಿಂಗ್ ಟೆನ್ಷನರ್ ಕಾಣುತ್ತೆ. ಅದನ್ನ ನೋಡಿ ನಾವೂ ಸ್ಪ್ರಿಂಗ್ ಹಾಕೋಣ ಅನ್ಸುತ್ತೆ. ಆದ್ರೆ ಅವೆಲ್ಲ ಒಂದೇ ದಿಕ್ಕಿಗೆ ಎಳೆಯೋ ಚೈನು. ಓಡಿಸೋ ಸ್ಪ್ರಾಕೆಟ್ ಯಾವ ಸಾಲನ್ನ ತನ್ನ ಕಡೆ ಎಳ್ಕೊಂತೈತೋ ಅದು ಬಿಗಿ, ಇನ್ನೊಂದು ಸಡಿಲು, ಸ್ಪ್ರಿಂಗ್ ಯಾವಾಗ್ಲೂ ಸಡಿಲು ಸಾಲಲ್ಲೇ ಇರುತ್ತೆ. ರೋಬೋಟ್ ರಿವರ್ಸ್ ಹೊಡೆದ ಕ್ಷಣ ಬಿಗಿ ಸಾಲು ಸಡಿಲಾಗಿ ಸಡಿಲು ಸಾಲು ಬಿಗಿಯಾಗುತ್ತೆ, ಈಗ ಮೋಟರಿನ ಪೂರ್ತಿ ಎಳೆತ ಸ್ಪ್ರಿಂಗ್ ಮೇಲೆ, ಸ್ಪ್ರಿಂಗ್ ಸೋತು ಹಿಂದೆ ಹೋಗುತ್ತೆ, ಆ ಉದ್ದ ಪೂರ್ತಿ ಇನ್ನೊಂದು ಸಾಲಿಗೆ ಜೋತುಬಿದ್ದು ಚೈನು ಹಲ್ಲಿನ ಮೇಲೆ ಹತ್ತುತ್ತೆ. ಅದಕ್ಕೆ ಮುಂದೆ ಹಿಂದೆ ಓಡೋ ಡ್ರೈವಿಗೆ ಸೆಟ್ ಮಾಡಿ ಬೋಲ್ಟ್ ಬಿಗಿದ್ಬಿಡೋ ಟೆನ್ಷನರೇ ಬೇಕು. ಚೆಂಡು ಒಳಗೆ ಎಳ್ಕೊಳೋ ರೋಲರ್ ಅಂಥ ಹಗುರ ಕೆಲಸ ಒಂದೇ ದಿಕ್ಕಿಗೆ ತಿರುಗುತ್ತೆ, ಅಲ್ಲಿ ಸ್ಪ್ರಿಂಗ್ ಹಾಕ್ರಿ, ಚೆನ್ನಾಗಿ ಕೆಲಸ ಮಾಡುತ್ತೆ.

ನನ್ನ ಕೇಳಿದ್ರೆ ಟೆನ್ಷನರ್ ಹಾಕದೇ ಮೋಟರನ್ನೇ ಸರಿಸೋದು ಎಲ್ಲಕ್ಕಿಂತ ಒಳ್ಳೇದು. ಮೋಟರ್ ಪ್ಲೇಟಿನ ತೂತನ್ನ ಉದ್ದ ಮಾಡ್ರಿ, ಪಕ್ಕದಲ್ಲಿ ಇನ್ನೊಂದು ತೂತು ಹೊಡೆದು ನಡುವಿನದನ್ನ ಅರದಲ್ಲಿ ಉಜ್ಜಿದ್ರೆ ಸ್ಲಾಟ್ ಆಯ್ತು. ಆದ್ರೆ ಸ್ಲಾಟಲ್ಲಿ ಬರೀ ಬೋಲ್ಟಿನ ಬಿಗಿತ ನಂಬಿದ್ರೆ ಎರಡು ಮ್ಯಾಚಿಗೆ ಜಾರುತ್ತೆ, ಹಿಂದಿಂದ ತಳ್ಳಿ ಹಿಡಿಯೋ ಒಂದು ಬೋಲ್ಟ್ ಬೇಕೇ ಬೇಕು. ಸೈಕಲ್ ಅಂಗಡೀಲಿ ಹಿಂದಿನ ಚಕ್ರಕ್ಕೆ ಹಾಕೋ ಚೈನ್ ಅಡ್ಜಸ್ಟರ್ ಕೇಳ್ರಿ, ಒಂದು ಕಡೆ ಬಳೆ, ಒಂದು ಕಡೆ ಥ್ರೆಡ್ ಇರೋ ಸಣ್ಣ ಬೋಲ್ಟು, ಅದು ಮಾಡೋದೇ ಈ ಕೆಲಸ. ಅದೂ ಇಲ್ಲದಿದ್ರೆ ಫ್ರೇಮಿಗೆ ಒಂದು ನಟ್ಟು ವೆಲ್ಡ್ ಮಾಡಿ 6 ಮಿ.ಮೀ. ಬೋಲ್ಟ್ ಹಾಕ್ರಿ, ಅದರ ಥ್ರೆಡ್ಡು ಸಾಮಾನ್ಯವಾಗಿ ಸುತ್ತಿಗೆ 1 ಮಿ.ಮೀ. ಮುಂದೆ ಹೋಗುತ್ತೆ, ಅರ್ಧ ಸುತ್ತಿಗೆ ಅರ್ಧ ಮಿ.ಮೀ., ಇದಕ್ಕಿಂತ ಸೂಕ್ಷ್ಮ ಬೇಕಾಗಲ್ಲ. ಎರಡೂ ಮಗ್ಗಲಿಗೆ ಒಂದೊಂದು ಹಾಕಿ ಸಮ ತಿರುಗಿಸ್ರಿ, ಇಲ್ಲಾಂದ್ರೆ ಮೋಟರ್ ಸೊಟ್ಟ ನಿಂತು ಚೈನು ಪಕ್ಕಕ್ಕೆ ಬೀಳುತ್ತೆ.

ಇವರ ರೋಬೋಟಲ್ಲಿ ಮೋಟರ್ ಸರಿಸೋಕೆ ಜಾಗ ಇರಲಿಲ್ಲ, ಹಂಗಾಗಿ ಚೈನನ್ನ ಒತ್ತೋ ರೋಲರೇ ಗತಿ. ಸ್ಕೇಟಿಂಗ್ ವೀಲಿಂದ ಬರೋ 608 ನಂಬರ್ ಬೇರಿಂಗ್ ರೋಬೋಟ್ ಮಾಡೋ ಎಲ್ಲರ ಡಬ್ಬದಲ್ಲೂ ಇರುತ್ತೆ, ಒಳಗಿನ ತೂತು 8, ಹೊರಗೆ 22, ದಪ್ಪ 7 ಮಿ.ಮೀ. 8 ಮಿ.ಮೀ. ಬೋಲ್ಟಿಗೆ ಸೀದಾ ಕೂರುತ್ತೆ. ಬರೀ ಬೇರಿಂಗ್ ಮೇಲೆ ಚೈನ್ ಓಡಿಸಿದ್ರೆ ಪ್ಲೇಟಿನ ಅಂಚು ಸ್ಟೀಲಿನ ಮೇಲೆ ಉಜ್ಜಿ ಕಿರಿಕಿರಿ ಸದ್ದು ಬರುತ್ತೆ, ಪಕ್ಕಕ್ಕೆ ಜಾರೋಕೂ ತಡೆ ಇಲ್ಲ. ಹಳೇ ಪಿ.ಬಿ. ರೋಡಿನ ಕಡೆ ನನಗೆ ಗೊತ್ತಿರೋ ಲೇಥ್ ಮೇಸ್ತ್ರಿ ಒಬ್ರು ಬೆಳಿಗ್ಗೆ ಬೇಗ ಬಾಗಿಲು ತೆಗೀತಾರೆ, ಅವರ ಹತ್ರ ಇರೋದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥು, ಫ್ಯಾಕ್ಟರಿ ನಿಂತು ಎಷ್ಟೋ ವರ್ಷ ಆಯ್ತು, ಮಷಿನ್ ಇನ್ನೂ ಕೂದಲೆಳೆ ಆಚೀಚೆ ಆಗಲ್ಲ. ನೈಲಾನ್ ರಾಡಿನ ತುಂಡು ಕೊಟ್ಟು ಬೇರಿಂಗ್ ಮೇಲೆ ಬಿಗಿಯಾಗಿ ಕೂರೋ ಬಳೆ, ಎರಡೂ ಕಡೆ ಸಣ್ಣ ಅಂಚು ಬಿಟ್ಟು ತೆಗೆಸಿದ್ವಿ. ಅವರು ಬೇರಿಂಗನ್ನ ಅಂಗೈ ಮೇಲೆ ಇಟ್ಕೊಂಡು ಹೆಬ್ಬೆರಳಿಂದ ಒತ್ತಿದ್ರು, ಟಕ್ ಅಂತ ಒಂದೇ ಸಲಕ್ಕೆ ಕೂತ್ಕೊಂತು, "ಸುತ್ತಿಗೆ ಮುಟ್ಟಿಸ್ಬೇಡ್ರಪ್ಪ ಇದಕ್ಕೆ, ಗೋಲಿ ಕುಂದ್ರುತ್ತೆ" ಅಂದ್ರು.

ರೋಲರ್ ಎಲ್ಲಿ ಇಡ್ಬೇಕು ಅಂದ್ರೆ, ಚೈನ್ ಸುತ್ತಿನ ಹೊರಗಿಂದ ಒಳಕ್ಕೆ ಒತ್ತೋ ಹಂಗೆ, ಸಣ್ಣ ಸ್ಪ್ರಾಕೆಟ್ ಹತ್ರ. ಹೊರಗಿಂದ ಒತ್ತಿದಾಗ ಚೈನು ಸ್ಪ್ರಾಕೆಟ್ಟನ್ನ ಹೆಚ್ಚು ಸುತ್ಕೊಂತೈತೆ, ಹೆಚ್ಚು ಹಲ್ಲು ಸಿಗುತ್ತೆ. ಸಣ್ಣ ಸ್ಪ್ರಾಕೆಟ್ ಮೇಲೆ 120 ಡಿಗ್ರಿಗಿಂತ ಕಮ್ಮಿ ಸುತ್ತು ಇರ್ಬಾರ್ದು ಅನ್ನೋದು ರೂಢಿ. ಒಳಗಿಂದ ಹೊರಕ್ಕೆ ಒತ್ತಿದ್ರೆ ಲೂಸೇನೋ ಹೋಗುತ್ತೆ, ಹಲ್ಲು ಕಮ್ಮಿಯಾಗುತ್ತೆ, ಹಾರೋದು ನಿಲ್ಲಲ್ಲ. ರಿವರ್ಸ್ ಬಂದಾಗ ಈ ರೋಲರಿರೋ ಸಾಲೇ ಬಿಗಿಯಾಗುತ್ತೆ ಅನ್ನೋದನ್ನೂ ಮರೀಬೇಡ್ರಿ. ಚೈನಲ್ಲಿ 50 ಕೆ.ಜಿ. ಎಳೆತ ಇದ್ದು, 400 ಮಿ.ಮೀ. ಸಾಲು ನಡುವೆ 20 ಮಿ.ಮೀ. ಬಗ್ಗಿದ್ರೆ ರೋಲರ್ ಮೇಲೆ 10 ಕೆ.ಜಿ. ಬೀಳುತ್ತೆ, ಸಾಲಿನ ತುದಿ ಹತ್ರ ಇಟ್ರೆ ಇನ್ನೂ ಜಾಸ್ತಿ. ಒಂದೇ ಕಡೆ ಹಿಡಿದ ಬೋಲ್ಟು ತೆಳು ಪ್ಲೇಟನ್ನ ಬಗ್ಗಿಸ್ಬಿಡುತ್ತೆ, ಅದಕ್ಕೆ ಬೋಲ್ಟಿನ ಇನ್ನೊಂದು ತುದಿಗೂ ಒಂದು ಪಟ್ಟಿ ಕೊಟ್ಟು ಎರಡೂ ಕಡೆ ಹಿಡೀರಿ.

ರೋಲರಿಗೆ ಬೇರೆ ಸಾಮಾನೂ ಆಗುತ್ತೆ. ಕೆಟ್ಟ ಗೇರ್ ಸೈಕಲ್ಲಿಂದ ಹಿಂದಿನ ಗೇರಿನ ಪುಟ್ಟ ಹಲ್ಲಿನ ಚಕ್ರ ಬಿಚ್ಚಿದ್ರೆ ಅದು ಅದೇ ಅರ್ಧ ಇಂಚ್ ಪಿಚ್ಚಿಂದು, 5 ಮಿ.ಮೀ. ಬೋಲ್ಟಿಗೆ ಕೂರುತ್ತೆ, ಹಗುರ ಕೆಲಸಕ್ಕೆ ಚೆನ್ನಾಗೈತೆ, ಭಾರಿ ಡ್ರೈವಿಗೆ ಬೇಡ. ತರಕಾರಿ ಹೆಚ್ಚೋ ಪ್ಲಾಸ್ಟಿಕ್ ಮಣೆ ಕತ್ತರಿಸಿ ಸ್ಲಾಟ್ ಹೊಡೆದು ಚೈನಿಗೆ ಒರಗಿಸಿದ್ರೂ ಒಂದು ಕಾಂಪಿಟಿಷನ್ ಆರಾಮಾಗಿ ಬರುತ್ತೆ, ಚೈನೇ ತನಗೆ ಬೇಕಾದ ಕಾಲುವೆ ಕೊರ್ಕೊಂತೈತೆ. ಬುಲೆಟ್ ಹಿಂದಿನ ಚಕ್ರದಲ್ಲಿ ಬಸವನಹುಳು ತರದ ಕಚ್ಚು ಕಚ್ಚಿನ ಬಿಲ್ಲೆ ನೋಡಿದೀರಾ, ಅದರ ಉಪಾಯವೂ ಕದಿಯೋ ಹಂಗೈತೆ, ದುಂಡನೆ ನೈಲಾನ್ ಬಿಲ್ಲೆಗೆ ನಡುವಿಂದ 5 ಮಿ.ಮೀ. ಪಕ್ಕಕ್ಕೆ ತೂತು ಹೊಡೆದ್ರೆ ಅದನ್ನ ತಿರುಗಿಸಿದಂಗೆ ಅಂಚು 10 ಮಿ.ಮೀ. ತನಕ ಮುಂದೆ ಹಿಂದೆ ಬರುತ್ತೆ. ಬರೀ ಬಿಗಿತಕ್ಕೆ ಅದು ನಿಲ್ಲಲ್ಲ, ಸುತ್ತಲೂ ಸಣ್ಣ ತೂತು ಹೊಡೆದು ಪಿನ್ ಹಾಕೋ ವ್ಯವಸ್ಥೆ ಮಾಡ್ಬೇಕು.

ನನಗೆ ಬಾಳ ಇಷ್ಟ ಆಗೋದು ಇನ್ನೊಂದು. ಎರಡೂ ಸ್ಪ್ರಾಕೆಟ್ ಒಂದೇ ಅಳತೆ ಇದ್ದಾಗ ಎರಡು ಸಾಲಿನ ನಡುವೆ ಅದಕ್ಕಿಂತ ಸ್ವಲ್ಪ ದೊಡ್ಡ ಮೂರನೇ ಸ್ಪ್ರಾಕೆಟ್ ತೂರಿಸಿ ಬಿಡೋದು, ಶಾಫ್ಟಿಲ್ಲ ಬೋಲ್ಟಿಲ್ಲ. ಬಿದ್ದೋಗಲ್ವಾ ಅಂತೀರಾ? ಮೇಲಿನ ಸಾಲು ಬಲಕ್ಕೆ ಹೋದ್ರೆ ಕೆಳಗಿನದು ಅಷ್ಟೇ ಸ್ಪೀಡಲ್ಲಿ ಎಡಕ್ಕೆ ಹೋಗುತ್ತೆ, ನಡುವಿನ ಸ್ಪ್ರಾಕೆಟ್ ಇದ್ದಲ್ಲೇ ಗಿರಗಿರ ತಿರುಗುತ್ತೆ, ಎಲ್ಲಿಗೂ ಹೋಗಲ್ಲ. ಮುಂದೆ ಹಿಂದೆ ಎರಡಕ್ಕೂ ಒಂದೇ ತರ. ಕಾರ್ಖಾನೆಗಳಿಗೆ ಇದೇ ತತ್ವದ ಬಳುಕೋ ಪ್ಲಾಸ್ಟಿಕ್ ಹಲ್ಲಿನ ಬಳೆ ಸಿಗುತ್ತೆ, ಅದು ಅಂಡಾಕಾರಕ್ಕೆ ಅಮುಕಿಕೊಂಡು ಎರಡೂ ಸಾಲನ್ನ ಹೊರಗೆ ತಳ್ತಾ ಕೂರುತ್ತೆ. ನಮ್ಮದು ಬಳುಕಲ್ಲ, ಅದಕ್ಕೆ ಹಲ್ಲಿನ ಲೆಕ್ಕ ಸರಿಯಾಗಿ ಹೊಂದಬೇಕು, ಜೋರು ಡಿಕ್ಕಿ ಆದಾಗ ಹಾರಿ ಬೀಳದಂಗೆ ಎರಡೂ ಮಗ್ಗಲಿಗೆ ಪ್ಲೇಟ್ ಕಟ್ಬೇಕು.

ತೋಳು ಎತ್ತಿಳಿಸೋ ಚೈನಿಗೆ ಇದ್ಯಾವುದೂ ಬೇಡ. ತೋಳು ಪೂರ್ತಿ ಸುತ್ತು ತಿರುಗಲ್ಲ, ಅಂದ್ರೆ ಚೈನಿನ ಸ್ವಲ್ಪ ಭಾಗ ಯಾವತ್ತೂ ಸ್ಪ್ರಾಕೆಟ್ ಮುಟ್ಟಲ್ಲ. ಆ ಭಾಗ ಕಿತ್ತು ಶಾಮಿಯಾನದ ತಂತಿ ಬಿಗಿಯೋ ಟರ್ನ್‌ಬಕಲ್ ಹಾಕ್ರಿ, ತಿರುಗಿಸಿದಂಗೆ ಬಿಗಿಯಾಗುತ್ತೆ, ಮೇಲೆ ಎರಡು ನಟ್ಟು ಲಾಕಿಗೆ.

ಗುಜರಿ ಚೈನ್ ತರೋರಿಗೆ ಒಂದು ಮಾತು. ಚೈನು ಉದ್ದ ಆಯ್ತು ಅಂತೀವಲ್ಲ, ಪ್ಲೇಟು ಎಳ್ಕೊಂಡು ಉದ್ದ ಆಗಿರಲ್ಲ, ಪಿನ್ನು, ಅದರ ಸುತ್ತ ಇರೋ ಕೊಳವೆ ತರದ ಬುಷ್ಷು ಸವೆದು ಪ್ರತಿ ಕೀಲಲ್ಲಿ ಚೂರು ಚೂರು ಜಾಗ ಬಿದ್ದಿರುತ್ತೆ. ಬುಷ್ ಮತ್ತೆ ರೋಲರ್ ಇರೋ ಈ ಚೈನನ್ನ 1880ರಲ್ಲಿ ಮಾಡಿದ ಹ್ಯಾನ್ಸ್ ರೆನಾಲ್ಡ್ ಪಿನ್ನಿನ ಭಾರ ಅಗಲವಾಗಿ ಹಂಚಿಹೋಗಿ ಸವೆತ ನಿಧಾನ ಆಗ್ಲಿ ಅಂತಲೇ ಬುಷ್ ಹಾಕಿದ್ದು, ಆತ ಅದಕ್ಕೂ ಮೊದಲು ಮ್ಯಾಂಚೆಸ್ಟರ್ ಪಕ್ಕದಲ್ಲಿ ಬಟ್ಟೆ ಮಿಲ್ಲುಗಳಿಗೆ ಚೈನ್ ಮಾಡೋ ಸಣ್ಣ ಕಾರ್ಖಾನೆ ಕೊಂಡಿದ್ದ. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ತಗೊಂಡ ಊರಿನ ಹುಡುಗರಿಗೆ ಇದು ಗೊತ್ತಿರ್ಲಿ ಅಂತ ಹೇಳ್ತೀನಿ. ಚೈನನ್ನ ನೇರ ಎಳೆದು 24 ಪಿಚ್ ಅಳೀರಿ, ಹೊಸದಾದ್ರೆ 304.8 ಮಿ.ಮೀ., ಸರಿಯಾಗಿ ಒಂದು ಅಡಿ. 308 ಹತ್ರ ಬಂದ್ರೆ 1 ಪರ್ಸೆಂಟ್ ಸವೆದೈತೆ, ಬಿಡ್ರಿ ಅದನ್ನ, ಹೊಸ ಸ್ಪ್ರಾಕೆಟ್ ಮೇಲೆ ಹಲ್ಲಿಗೆ ಹೊಂದಲ್ಲ, ಯಾವ ಟೆನ್ಷನರೂ ಅದನ್ನ ಸರಿ ಮಾಡಲ್ಲ. ಬೈಕಿನ 428 ಚೈನಿಗೂ ಪಿಚ್ 12.7 ಮಿ.ಮೀ.ನೇ, ಆದ್ರೆ ಒಳಗಿನ ಅಗಲ ಸುಮಾರು 8 ಮಿ.ಮೀ., ಸೈಕಲ್ ಸ್ಪ್ರಾಕೆಟ್ಟಿನ ತೆಳು ಹಲ್ಲು ಅದರೊಳಗೆ ಗಡಗಡ ಅಲ್ಲಾಡುತ್ತೆ. ರೋಬೋಟ್ ಕಿಟ್ಟಲ್ಲಿ ಬರೋ 25 ನಂಬರ್ ಚೈನಿನ ಪಿಚ್ 6.35, 35 ನಂಬರಿಂದು 9.525 ಮಿ.ಮೀ., ಮೊದಲ ಅಂಕಿ ಇಂಚಿನ ಎಂಟರಲ್ಲಿ ಎಷ್ಟು ಭಾಗ ಅಂತ ಹೇಳುತ್ತೆ, ಕೊನೆಯ 5 ಅಂದ್ರೆ ಚೈನಿನ ಬುಷ್ ಮೇಲೆ ತಿರುಗೋ ರೋಲರ್ ಇಲ್ಲ. ಪಿಚ್ ಸಣ್ಣದಾದಷ್ಟು ಹಲ್ಲೂ ಗಿಡ್ಡ, ಲೂಸು ಸ್ವಲ್ಪವೇ ಇದ್ರೂ ಬೇಗ ಹಾರುತ್ತೆ.

ಆವತ್ತು ರೋಲರ್ ಹಾಕಿ ಬಿಗಿದ ಮೇಲೂ ಸಣ್ಣ ಟಕ್ ಸದ್ದು ಉಳಿದಿತ್ತು. ಒಬ್ಬ ಹುಡುಗ ಹೊಲಿಗೆ ದಾರ ತಂದು ಎರಡೂ ಸ್ಪ್ರಾಕೆಟ್ ಮುಖಕ್ಕೆ ಒತ್ತಿ ಎಳೆದು ಹಿಡಿದ, ಒಂದು ಸ್ಪ್ರಾಕೆಟ್ ಸುಮಾರು 3 ಮಿ.ಮೀ. ಹೊರಗೆ ಬಂದಿತ್ತು, ಅದನ್ನ ಶಾಫ್ಟಿಗೆ ಹಿಡಿಯೋ ಗ್ರಬ್ ಸ್ಕ್ರೂ ಸಡಿಲಾಗಿ ಶಾಫ್ಟ್ ಮೇಲೆ ಜಾರಿತ್ತು, ಸ್ಕ್ರೂ ಎಳೆದ ಗೆರೆ ಶಾಫ್ಟ್ ಮೇಲೆ ಬೆಳ್ಳಗೆ ಮಿಂಚ್ತಿತ್ತು. ಶಾಫ್ಟಿಗೆ ಸ್ವಲ್ಪ ಚಪ್ಪಟೆ ಜಾಗ ಉಜ್ಜಿ ಸ್ಕ್ರೂ ಅಲ್ಲಿಗೆ ಕೂರಿಸಿದ್ವಿ. ಆಮೇಲೆ ಮುಂದೆ ಹಿಂದೆ ಇಪ್ಪತ್ತು ನಿಮಿಷ ಓಡಿಸಿ ಮತ್ತೆ ಅಳೆದ್ವಿ, ಹೊಸ ಚೈನು ಮೊದಲ ಓಟದಲ್ಲಿ ಸ್ವಲ್ಪ ಕೂರುತ್ತೆ, ರೋಲರನ್ನ ಇನ್ನು ಒಂದಿಷ್ಟು ಒಳಗೆ ತಳ್ಳಬೇಕಾಯ್ತು. ನಂತರ ಬೋಲ್ಟಿನ ತಲೆಯಿಂದ ಪ್ಲೇಟಿನ ತನಕ ಬಿಳಿ ನೈಲ್ ಪಾಲಿಶಲ್ಲಿ ಒಂದು ಗೆರೆ ಎಳೆದ್ವಿ, ಗೆರೆ ಮುರಿದಿದ್ರೆ ಬೋಲ್ಟ್ ತಿರುಗೈತೆ ಅಂತ ಮ್ಯಾಚ್ ನಡುವೆ ಟಾರ್ಚ್ ಬಿಟ್ಟು ನೋಡಿದ್ರೆ ಸಾಕು. ಎರಡು ಬೇರಿಂಗು, ನೈಲಾನ್ ಬಳೆ ಒಂದು ಜೋಡಿ, ನಾಲ್ಕು ಚೈನ್ ಲಾಕು, ಒಂದಿಷ್ಟು 8 ಮಿ.ಮೀ. ನೈಲಾಕ್ ನಟ್ಟು ಬಿಸ್ಕೆಟ್ ಡಬ್ಬಕ್ಕೆ ಹಾಕಿ ಮುಚ್ಚಳದ ಮೇಲೆ 82 ಲಿಂಕ್ ಅಂತ ಬರೆದು ಕೊಟ್ಟು ಕಳಿಸ್ದೆ.